ರಸ್ತೆ ಬದಿಯ ಹಳದಿ ಹೂವಿನ ಮುಳ್ಳುಗಿಡ ಯಾವುದು?

ಪ್ರಶ್ನೆ: ನಮ್ಮದು ತುಮಕೂರು ಕಡೆಯ ಹಳ್ಳಿ. ಹೊಲದ ದಾರಿಯಲ್ಲಿ ಜಲ್ಲಿ ಸುರಿದಿದ್ದ ಕಡೆ ಸೊಂಟದೆತ್ತರದ ಮುಳ್ಳುಗಿಡಗಳು ಎದ್ದಿವೆ. ಹೂವು ಹಳದಿ. ಇದು ಕುಸುಬೆಯೇ, ಬ್ರಹ್ಮದಂಡೆಯೇ? ತಿಳಿಸಿ ಸರ್.

ಉತ್ತರ (ಸಸ್ಯಶಾಸ್ತ್ರ ಅಧ್ಯಾಪಕ): ಬ್ರಹ್ಮದಂಡೆಯ ಹೂಗೊಂಚಲು ಚೆಂಡಿನಂತೆ ದುಂಡಗಿರುತ್ತದೆ, ಹಳದಿಯಲ್ಲ. ಎಲೆಯೊಂದನ್ನು ಮುರಿದು ನೋಡಿ. ಯಾವ ಬಣ್ಣದ ಹಾಲು ಬರುತ್ತದೆ?

ಪ್ರಶ್ನೆ: ಅರಿಸಿನ ಕಲಸಿದ ನೀರಿನಂಥ ಹಾಲು ಸರ್. ಎಲೆಯ ನರಗಳ ಉದ್ದಕ್ಕೂ ಬಿಳಿ ಬಣ್ಣವಿದೆ.

ಉತ್ತರ: ಹಾಗಾದರೆ ಅನುಮಾನವೇ ಬೇಡ, ಅದು ಅರಸಿನ ಉಮ್ಮತ್ತಿ, ಕೆಲವರು ದತ್ತೂರಿ ಗಿಡ ಎನ್ನುತ್ತಾರೆ. ಶಾಸ್ತ್ರೀಯ ಹೆಸರು ಆರ್ಜಿಮೋನ್ ಮೆಕ್ಸಿಕಾನಾ. ಅಮೆರಿಕ ಖಂಡದ ಉಷ್ಣವಲಯದಿಂದ ಬಂದು ಇಲ್ಲೇ ತಳವೂರಿದ ಕಳೆ. ಹೆಸರಿನಲ್ಲಿ ಉಮ್ಮತ್ತಿ ಇದ್ದರೂ ಇದು ಗಸಗಸೆಯ ಕುಟುಂಬಕ್ಕೆ ಸೇರಿದ್ದು. ಕುಸುಬೆಗೂ ಇದಕ್ಕೂ ನಂಟಿಲ್ಲ.

ನಾನು ಹೆದರುವುದು ಮುಳ್ಳಿಗಲ್ಲ, ಬೀಜಕ್ಕೆ. ಕಾಯಿ ಬಲಿತಾಗ ತುದಿಯಲ್ಲಿ ಬಿರಿದು ಸಾಸಿವೆಯಂಥ ಕಪ್ಪು ಬೀಜ ಚೆಲ್ಲುತ್ತದೆ. ಅದರ ಎಣ್ಣೆಯಲ್ಲಿ ಸಾಂಗ್ವಿನರಿನ್ ಎಂಬ ವಿಷವಿದೆ. 1998ರಲ್ಲಿ ದೆಹಲಿಯಲ್ಲಿ ಇದು ಬೆರೆತ ಸಾಸಿವೆ ಎಣ್ಣೆ ತಿಂದು 60ಕ್ಕೂ ಹೆಚ್ಚು ಜನ ಸತ್ತರು. ಕಾಲು ಊದಿಕೊಳ್ಳುತ್ತದೆ, ಏದುಸಿರು ಬರುತ್ತದೆ, ಕೊನೆಗೆ ಹೃದಯವೇ ಸೋಲುತ್ತದೆ. ಎಣ್ಣೆ ಕಾಯಿಸಿದರೆ ವಿಷ ಹೋಗುತ್ತದೆ ಎಂದು ನಂಬಿ ಕೂರಬೇಡಿ.

ಪ್ರಶ್ನೆ: ನಮ್ಮ ರಾಗಿ ಹೊಲದ ಅಕ್ಕಡಿ ಸಾಲಿನಲ್ಲಿ ಸಾಸಿವೆ ಇದೆ. ಬೆರೆತರೆ ಗೊತ್ತಾಗುವುದು ಹೇಗೆ?

ಉತ್ತರ: ಒಳ್ಳೆಯ ಪ್ರಶ್ನೆ. ಹಿಡಿ ಸಾಸಿವೆಯನ್ನು ಬಿಳಿ ತಟ್ಟೆಯಲ್ಲಿ ಹರಡಿ, ಬಿಸಿಲಿನಲ್ಲಿ ನೋಡಿ. ಸಾಸಿವೆ ನುಣುಪು, ಇದರ ಮೈಮೇಲೆ ಬಲೆ ಹೆಣೆದಂತೆ ಒರಟು ಗೆರೆಗಳು. ಸಂದೇಹ ಬಂದ ಕಾಳನ್ನು ಒತ್ತಿ ಒಡೆಯಿರಿ: ಒಳಗೆ ಹಳದಿಯಿದ್ದರೆ ಸಾಸಿವೆ, ಬಿಳಿಯಿದ್ದರೆ ಅರಸಿನ ಉಮ್ಮತ್ತಿ. ಬಿಳಿ ಕಂಡರೆ ಆ ಸಾಸಿವೆಯನ್ನು ಗಾಣಕ್ಕೂ ಒಗ್ಗರಣೆಗೂ ಬಳಸಬೇಡಿ.

ಇನ್ನೊಬ್ಬರ ಪ್ರಶ್ನೆ: ಈ ಹಾಲನ್ನು ಕಣ್ಣಿಗೆ ಬಿಟ್ಟರೆ ಪೊರೆ ಹೋಗುತ್ತದೆ ಎಂದು ನಮ್ಮ ಅಜ್ಜಿ ಹೇಳುತ್ತಿದ್ದರು.

ಉತ್ತರ: ಅಜ್ಜಿಯ ಮೇಲೆ ಗೌರವವಿರಲಿ, ಹಾಲು ಮಾತ್ರ ಕಣ್ಣಿನ ಹತ್ತಿರವೂ ಬೇಡ. ಪೊರೆಗೆ ಶಸ್ತ್ರಚಿಕಿತ್ಸೆಯೇ ದಾರಿ.

ಮೊದಲು ಕೇಳಿದವರಿಗೆ: ಕಾಯಿ ಹಸಿರಿರುವಾಗಲೇ ಕೀಳಿ. ಮಳೆ ಬಿದ್ದ ಮರುದಿನವಾದರೆ ತಾಯಿಬೇರು ಸಲೀಸಾಗಿ ಬರುತ್ತದೆ. ದಪ್ಪ ಕೈಗವಸು ಇರಲಿ. ಕಿತ್ತ ಗಿಡವನ್ನು ತಿಪ್ಪೆಗೆ ಹಾಕಿದರೆ ಬೀಜ ಗೊಬ್ಬರದ ಜೊತೆ ನಿಮ್ಮ ಹೊಲಕ್ಕೇ ಬರುತ್ತದೆ, ಒಣಗಿಸಿ ಸುಟ್ಟುಬಿಡಿ.