ಸಹಾಯ ಬೇಕು: ಅಮ್ಮನ ಪಿತ್ತಕೋಶದ ಸ್ಕ್ಯಾನಿಂಗ್ ಶಿವಮೊಗ್ಗದಲ್ಲಿ ಎಲ್ಲಿ ಮಾಡಿಸಲಿ?

ಎಲ್ಲರಿಗೂ ನಮಸ್ಕಾರ. ನಾವು ತೀರ್ಥಹಳ್ಳಿ ಕಡೆಯವರು. ಅಮ್ಮನಿಗೆ ಊಟ ಆದ ಮೇಲೆ ಬಲಗಡೆ ಪಕ್ಕೆಲುಬಿನ ಕೆಳಗೆ ನೋವು ಬರುತ್ತದೆ, ಬೆನ್ನಿಗೂ ಹಬ್ಬುತ್ತದೆ. ಕರಿದದ್ದು ತಿಂದ ದಿನ ಜಾಸ್ತಿ. ಗ್ಯಾಸ್ಟ್ರಿಕ್ ಅಂತ ಕಷಾಯ ಕುಡಿದೇ ದಿನ ತಳ್ಳಿದರು.

ಒಂದು ಕಡೆ ಹೊಟ್ಟೆಯ ಸ್ಕ್ಯಾನಿಂಗ್ (ಅಲ್ಟ್ರಾಸೌಂಡ್) ಆಯಿತು. ಪಿತ್ತಕೋಶ ಮುದುಡಿದೆ, ಸರಿಯಾಗಿ ಕಾಣಲಿಲ್ಲ ಅಂತ ರಿಪೋರ್ಟ್ ಕೊಟ್ಟರು. ಅಮ್ಮ ಅಕ್ಕಿ ರೊಟ್ಟಿ ತಿಂದು, ಕಾಫಿ ಕುಡಿದು ಹೋಗಿದ್ದರು. ಖಾಲಿ ಹೊಟ್ಟೆಯಲ್ಲಿ ಬನ್ನಿ ಅಂತ ಅಲ್ಲಿ ಯಾರೂ ಹೇಳಿರಲಿಲ್ಲ. ತಿಂದರೆ ಪಿತ್ತಕೋಶ ಪಿತ್ತರಸ ಹೊರಬಿಟ್ಟು ಕುಗ್ಗುತ್ತದೆ, ಅದಕ್ಕೇ 6ರಿಂದ 8 ಗಂಟೆ ಏನೂ ತಿನ್ನಬಾರದು ಅಂತ ಪರಿಚಯದ ನರ್ಸ್ ಒಬ್ಬರು ಬಿಡಿಸಿ ಹೇಳಿದರು. ಪಿತ್ತಕೋಶದಲ್ಲಿ ಕಲ್ಲಿದ್ದರೆ ಪರದೆ ಮೇಲೆ ಬೆಳ್ಳಗೆ ಕಾಣುತ್ತದಂತೆ. ಅದರ ಹಿಂದೆ ಕಪ್ಪು ನೆರಳು. ಮಗ್ಗುಲು ಬದಲಿಸಿದರೆ ಸಾಮಾನ್ಯವಾಗಿ ಕಲ್ಲು ಜರುಗುತ್ತದೆ, ಪಾಲಿಪ್ (ಒಳಗೋಡೆಯಲ್ಲಿ ಬೆಳೆದ ಸಣ್ಣ ಗಂಟು) ಆದರೆ ಅಂಟಿಕೊಂಡಲ್ಲೇ ಇರುತ್ತದೆ. ಹಾಗೆ ಮಗ್ಗುಲು ತಿರುಗಿಸಿ, ಗೋಡೆ ದಪ್ಪವಾಗಿದೆಯಾ ಅಂತಲೂ ನಿಧಾನವಾಗಿ ನೋಡುವ ರೇಡಿಯಾಲಜಿಸ್ಟ್ ಶಿವಮೊಗ್ಗದಲ್ಲಿ ಯಾರಿದ್ದಾರೆ?

ಇನ್ನೊಂದು ಚಿಂತೆ. ಅಮ್ಮನಿಗೆ ಶುಗರ್ ಇದೆ. ಬೆಳಗಿನ ಬಸ್ಸಿನಲ್ಲಿ ಹಸಿದುಕೊಂಡು ರಸ್ತೆಯ ತಿರುವುಗಳಲ್ಲಿ ಕೂತು ಬರಬೇಕು, ಮೇಲೆ ಸರದಿಯಲ್ಲಿ ಕಾಯಿಸಿದರೆ ತಡೆಯುವುದಿಲ್ಲ. ಮೊದಲ ಸರದಿ ಕೊಡುವ ಜಾಗ ಇದೆಯಾ? ಶುಗರ್ ಮಾತ್ರೆ ವಿಷಯ ನಮ್ಮ ಡಾಕ್ಟರನ್ನೇ ಕೇಳುತ್ತೇವೆ.

ಪಿತ್ತನಾಳದಲ್ಲಿ ಸಿಕ್ಕಿಕೊಂಡ ಕಲ್ಲು ಈ ಸ್ಕ್ಯಾನಿಂಗ್‌ನಲ್ಲಿ ಕೆಲವೊಮ್ಮೆ ತಪ್ಪಿಹೋಗುತ್ತದೆ, ಆಗ ಎಂಆರ್‌ಸಿಪಿ (ಪಿತ್ತನಾಳ ನೋಡುವ ಎಂಆರ್‌ಐ ಸ್ಕ್ಯಾನ್) ಬೇಕಾಗಬಹುದು ಅಂತಲೂ ಆ ನರ್ಸ್ ಅಂದರು. ಅದು ಶಿವಮೊಗ್ಗದಲ್ಲೇ ಆಗುತ್ತದಾ, ಮಣಿಪಾಲಕ್ಕೆ ಹೋಗಬೇಕಾ? ಬಿಪಿಎಲ್ ಕಾರ್ಡ್ ಇದೆ, ಖರ್ಚು ಎಷ್ಟು ಬಂತು ಅಂತ ಮಾಡಿಸಿದವರು ತಿಳಿಸಿ. ಸದ್ಯ ಜ್ವರ ಇಲ್ಲ, ಕಣ್ಣು ಹಳದಿ ಆಗಿಲ್ಲ. ಹಾಗೇನಾದರೂ ಆದರೆ ಕಾಯದೆ ಸೀದಾ ಆಸ್ಪತ್ರೆಗೆ ಕರೆದುಕೊಂಡು ಹೋಗುತ್ತೇವೆ.