‘ಸ್ಪೆಸಿಫಿಕ್ ಯೀಲ್ಡ್’: ಸೋಲಾರ್ ಪ್ಯಾನೆಲ್ಲಿಗೂ ಬಂಡೆಗೂ ಒಂದೇ ಹೆಸರೇಕೆ?

ಪ್ರಶ್ನೆ (ಪಾವಗಡ)

ನಮ್ಮ ತಿರುಮಣಿ ಸುತ್ತಲಿನ 2,050 ಮೆಗಾವಾಟ್ ಸೋಲಾರ್ ಪಾರ್ಕಿನಂಥ ಸ್ಥಾವರಗಳ ಬಗ್ಗೆ ಓದುವಾಗಲೆಲ್ಲ ‘ಸ್ಪೆಸಿಫಿಕ್ ಯೀಲ್ಡ್’ ಎಂಬ ಜೋಡಿಪದ ಎದುರಾಗುತ್ತದೆ. ಅಲ್ಲಿ ಅದರ ಬೆಲೆ ಸಾವಿರಕ್ಕೂ ಮೇಲಿರುತ್ತದೆ. ಅಂತರ್ಜಲದ ವರದಿಯೊಂದರಲ್ಲಿ ಇದೇ ಪದದ ಎದುರು 0.03 ಎಂದಿತ್ತು. ಇವೆರಡಕ್ಕೂ ಸಂಬಂಧವಿದೆಯೇ? ನಮ್ಮ ಕೊಳವೆಬಾವಿಯಲ್ಲಿ ಎಷ್ಟು ನೀರು ಸಿಗಬಹುದೆಂದು ಆ 0.03ರಿಂದ ಲೆಕ್ಕ ಹಾಕಬಹುದೇ? ತಿಳಿದವರು ದಯವಿಟ್ಟು ವಿವರಿಸಬೇಕು.

ಉತ್ತರ 1 (ತುಮಕೂರು)

ಸೋಲಾರ್ ಕಡೆಯದನ್ನು ಮೊದಲು ಮುಗಿಸುತ್ತೇನೆ, ಏಕೆಂದರೆ ಅದು ಸರಳ. ಒಂದು ವರ್ಷದಲ್ಲಿ ಬಂದ ಒಟ್ಟು ಯೂನಿಟ್ಟುಗಳನ್ನು ಪ್ಯಾನೆಲ್ಲುಗಳ ಕಿಲೋವಾಟ್ ಸಾಮರ್ಥ್ಯದಿಂದ ಭಾಗಿಸಿದರೆ ಸಿಗುವುದೇ ಸ್ಪೆಸಿಫಿಕ್ ಯೀಲ್ಡ್. ಮಾಳಿಗೆಯ ಮೇಲಿನ 3 ಕಿಲೋವಾಟ್ ಘಟಕವು ವರ್ಷಕ್ಕೆ 4,200 ಯೂನಿಟ್ ಕೊಟ್ಟರೆ ಅದು 1,400. ಚಿಕ್ಕ ಮನೆಯ ಘಟಕವನ್ನೂ ದೊಡ್ಡ ಪಾರ್ಕನ್ನೂ ಒಂದೇ ಅಳತೆಯಲ್ಲಿ ಹೋಲಿಸಲು ಇದು ಅನುಕೂಲ. ಆದರೆ ಬಿಸಿಲು ಹೆಚ್ಚಿರುವ ಊರಿನ ಕಳಪೆ ಘಟಕವೂ ಮೋಡದ ಊರಿನ ಒಳ್ಳೆಯ ಘಟಕವನ್ನು ಇದರಲ್ಲಿ ಮೀರಿಸಬಹುದಾದ್ದರಿಂದ, ಇದೊಂದನ್ನೇ ನೋಡಿ ಗುಣಮಟ್ಟ ನಿರ್ಣಯಿಸುವುದು ತರವಲ್ಲ.

ಉತ್ತರ 2 (ಕೋಲಾರ)

ಅಂತರ್ಜಲದಲ್ಲಿ ಇದಕ್ಕೆ ಏಕಮಾನವೇ ಇಲ್ಲ, ಅದು ಬರಿಯ ಅನುಪಾತ. ನೀರು ತುಂಬಿರುವ 100 ಘನ ಮೀಟರ್ ಪದರದಿಂದ ತನ್ನ ಭಾರಕ್ಕೇ ಬಸಿದು ಬರುವ ನೀರು 3 ಘನ ಮೀಟರ್ ಎಂಬುದೇ 0.03ರ ಅರ್ಥ. ಪದರದ ಕಣಗಳಿಗೆ ಅಂಟಿಕೊಂಡು ಒಳಗೇ ಉಳಿಯುವ ನೀರು ಇದರಲ್ಲಿ ಸೇರುವುದಿಲ್ಲ. ಜೇಡಿಮಣ್ಣು ಮರಳಿಗಿಂತ ಹೆಚ್ಚು ನೀರನ್ನು ಒಳಗಿಟ್ಟುಕೊಂಡರೂ ಬಿಟ್ಟುಕೊಡುವುದು ಬಹಳ ಕಡಿಮೆ, ಮಹಾ ಜಿಪುಣ. ಆದ್ದರಿಂದಲೇ ಅಂತರ್ಜಲ ಅಂದಾಜು ಸಮಿತಿಯ 1997ರ ಮಾನದಂಡದಲ್ಲಿ, ಜೇಡಿ ಕಡಿಮೆಯಿರುವ ಶಿಥಿಲ ಗ್ರಾನೈಟಿಗೆ 0.03 ಇದ್ದರೆ, ಜೇಡಿ ಹೆಚ್ಚಿರುವಲ್ಲಿ 0.015 ಮಾತ್ರ, ಬಿರುಕು ವಿರಳವಾದ ಗಟ್ಟಿ ಬಂಡೆಗೆ 0.003.

ಈ ವ್ಯತ್ಯಾಸ ಸಣ್ಣದಲ್ಲ. ಮಳೆಗಾಲದ ನಂತರ ಒಂದು ಹೆಕ್ಟೇರಿನ ಕೆಳಗೆ ನೀರಿನ ಮಟ್ಟ ಒಂದು ಮೀಟರ್ ಏರಿದರೆ, 0.03ರ ಲೆಕ್ಕದಲ್ಲಿ 3 ಲಕ್ಷ ಲೀಟರ್ ಸೇರಿದಂತಾಗುತ್ತದೆ, 0.003ರ ಲೆಕ್ಕದಲ್ಲಿ 30 ಸಾವಿರ ಲೀಟರ್ ಮಾತ್ರ. ಕೆ.ಸಿ. ವ್ಯಾಲಿ ಯೋಜನೆಯಿಂದ ಕೆರೆ ತುಂಬಿದ ಮೇಲೆ ಸುತ್ತಲಿನ ಬಾವಿಗಳಲ್ಲಿ ಮಟ್ಟ ಏರಿತೆಂದು ಸಂತೋಷಪಡುವಾಗಲೂ, ಏರಿದ್ದು ಯಾವ ಪದರದಲ್ಲಿ ಎಂದು ಕೇಳಬೇಕಾಗುತ್ತದೆ.

ಉತ್ತರ 3 (ಚಿಂತಾಮಣಿ)

ಕೊಳವೆಬಾವಿಯ ಪ್ರಶ್ನೆ ಹಾಗೇ ಉಳಿಯಿತು. ಅದಕ್ಕೆ 0.03 ಉಪಯೋಗಕ್ಕೆ ಬಾರದು, ಏಕೆಂದರೆ ನಮ್ಮ ಕಡೆ ಸಾವಿರ ಅಡಿಗೂ ಮೀರಿ ಕೊರೆಯುವ ಬಾವಿಗಳಿಗೆ ನೀರು ಬರುವುದು ಬಂಡೆಯ ಬಿರುಕುಗಳಿಂದ. ನಿಮಗೆ ಬೇಕಾದದ್ದು ‘ಸ್ಪೆಸಿಫಿಕ್ ಕೆಪಾಸಿಟಿ’, ಅಂದರೆ ಮೋಟರ್ ಓಡಿಸಿದಾಗ ಬಾವಿಯ ಮಟ್ಟ ಒಂದು ಮೀಟರ್ ಇಳಿಯುವುದಕ್ಕೆ ನಿಮಿಷಕ್ಕೆ ಎಷ್ಟು ಲೀಟರ್ ಹೊರಬರುತ್ತದೆ ಎಂಬುದು. ಇದೇ ಹೆಸರು ಬ್ಯಾಟರಿಯವರಲ್ಲೂ ಇದೆ. ಅಲ್ಲಿ ಅದು ಒಂದು ಗ್ರಾಂ ವಸ್ತು ಹಿಡಿದಿಡುವ ವಿದ್ಯುದಂಶ.

ಬೋರ್ ಕೊರೆಸುವಾಗ ವಿ ಆಕಾರದಲ್ಲಿ ಕತ್ತರಿಸಿದ ತಗಡನ್ನು ಅಡ್ಡ ನಿಲ್ಲಿಸಿ, ಅದರ ಮೇಲೆ ಹರಿಯುವ ನೀರಿನ ಎತ್ತರ ಅಳೆದು ‘ಎರಡು ಇಂಚು ನೀರು’ ಎನ್ನುತ್ತಾರಲ್ಲ, ಅದು ಈ ಎರಡರಲ್ಲಿ ಯಾವುದೂ ಅಲ್ಲ, ಹರಿವಿನ ಅಳತೆ. ಅಲ್ಲೂ ಎಚ್ಚರ ಬೇಕು: ಒಂದು ಇಂಚೆಂದರೆ ಗಂಟೆಗೆ ಸುಮಾರು 500 ಲೀಟರ್, ಆದರೆ ಎರಡು ಇಂಚೆಂದರೆ ಸುಮಾರು 2,900 ಲೀಟರ್.

ಪ್ರಶ್ನೆ ಕೇಳಿದವರು (ಪಾವಗಡ)

ಎಲ್ಲರಿಗೂ ಧನ್ಯವಾದಗಳು. ಹಾಗಾದರೆ ‘ಸ್ಪೆಸಿಫಿಕ್’ ಎಂದರೆ ‘ಯಾವುದೋ ಒಂದರ ಲೆಕ್ಕಕ್ಕೆ ಇಳಿಸಿದ್ದು’ ಎಂದಷ್ಟೇ ತಿಳಿಯಬಹುದೇ?

ಉತ್ತರ 2 (ಕೋಲಾರ)

ಬಹುಮಟ್ಟಿಗೆ ಹೌದು. ‘ಸ್ಪೆಸಿಫಿಕ್ ಹೀಟ್’ ಒಂದು ಕಿಲೋಗ್ರಾಮಿನ ಲೆಕ್ಕ, ‘ಸ್ಪೆಸಿಫಿಕ್ ಗ್ರಾವಿಟಿ’ ನೀರಿನ ಸಾಂದ್ರತೆಯೊಡನೆ ಹೋಲಿಕೆ. ಯಾವುದರಿಂದ ಭಾಗಿಸಿದ್ದಾರೆಂಬುದನ್ನು ಆಯಾ ಕ್ಷೇತ್ರದವರು ಗೊತ್ತಿರುವುದೆಂದೇ ಭಾವಿಸಿ ಬರೆಯುವುದಿಲ್ಲ. ನಿಮ್ಮ ವರದಿಯಲ್ಲಿ 0.03ರ ಜೊತೆಗೆ ಬಂಡೆಯ ಬಗೆಯನ್ನೂ ನಮೂದಿಸಿದ್ದರೆ ಅದನ್ನು ಇಲ್ಲಿ ಹಾಕಿ. ನಿಮ್ಮ ಹೊಲಕ್ಕೆ ಆ ಅಂಕಿ ಹೊಂದುತ್ತದೆಯೇ ಎಂದು ನೋಡೋಣ.