ರೂಟರ್‌ನ ಸ್ಪೆಕ್ಟ್ರಮ್ ಅನಾಲಿಸಿಸ್: ಗ್ರಾಫ್ ನಂಬೋದಾ, ಸ್ಕ್ಯಾನರ್ ಆ್ಯಪ್ ನಂಬೋದಾ?

ನಸುಗೆಂಪು:

ರೂಟರ್‌ನ ಸೆಟ್ಟಿಂಗ್ಸ್ ಪುಟದಲ್ಲೇ ಸ್ಪೆಕ್ಟ್ರಮ್ ಅನಾಲಿಸಿಸ್ (ಯಾವ ಫ್ರೀಕ್ವೆನ್ಸಿಯಲ್ಲಿ ಎಷ್ಟು ಶಕ್ತಿ ಇದೆ ಅಂತ ತೋರಿಸುವ ಗ್ರಾಫ್) ಇದೆ. 2.4 ಗಿಗಾಹರ್ಟ್ಸ್‌ನಲ್ಲಿ ಸ್ವಲ್ಪ ಹೊತ್ತು ಓಡಿಸಿದರೆ ತಳದ ಗೆರೆ ಈ ತುದಿಯಿಂದ ಆ ತುದಿವರೆಗೂ −84 ಡಿಬಿಎಂ (ಸಿಗ್ನಲ್ ಶಕ್ತಿಯ ಅಳತೆ, ಸೊನ್ನೆಗೆ ಹತ್ತಿರವಾದಷ್ಟೂ ಜೋರು) ಆಸುಪಾಸಿನಲ್ಲಿ ನಿಲ್ಲುತ್ತೆ. ಮ್ಯಾಕ್ಸ್ ಹೋಲ್ಡ್ (ಅಲ್ಲಿ ತನಕ ಕಂಡ ಗರಿಷ್ಠ ಮಟ್ಟದ) ಗೆರೆ ಮಾತ್ರ 2440ರಿಂದ 2475 ಮೆಗಾಹರ್ಟ್ಸ್ ತನಕ ಗುಡ್ಡದ ಹಾಗೆ ಎದ್ದು −45 ಮುಟ್ಟಿದೆ. ಫೋನಿನ ವೈಫೈ ಸ್ಕ್ಯಾನರ್ ಆ್ಯಪ್ ಬೇರೆಯೇ ಕಥೆ ಹೇಳುತ್ತೆ: ಚಾನೆಲ್ 1ರಲ್ಲಿ ಐದು ನೆಟ್‌ವರ್ಕ್, 6ರಲ್ಲಿ ಮೂರು, 11 ಪೂರ್ತಿ ಖಾಲಿ. ರೂಟರ್‌ನ ಆಟೋ ಚಾನೆಲ್ ಕೂಡ 11ನ್ನೇ ಹಿಡಿಯುತ್ತೆ. ಆದರೂ ವಿಡಿಯೊ ಕಾಲ್ ಆಗಾಗ ಒಂದೆರಡು ನಿಮಿಷ ನಿಂತೇಹೋಗುತ್ತೆ.

ಯಾವುದನ್ನು ನಂಬಲಿ? 3ಕ್ಕೋ 4ಕ್ಕೋ ಹಾಕಿದರೆ ಎರಡೂ ಕಾಟ ತಪ್ಪುತ್ತಾ? ಇನ್ನೊಂದು, ಅನಾಲಿಸಿಸ್ ಶುರು ಮಾಡಿದ ತಕ್ಷಣ ವೈಫೈ ಸಾಧನಗಳೆಲ್ಲ ಕಟ್ ಆಗುತ್ತವೆ. ರೂಟರ್ ಕೆಟ್ಟಿದೆಯಾ?

ಅಲೆಮಾಪಕ:

ಕೆಟ್ಟಿಲ್ಲ. 2.4ಕ್ಕೆ ಇರೋದು ಒಂದೇ ರೇಡಿಯೊ. ಅದು 2.4ರ ಫ್ರೀಕ್ವೆನ್ಸಿ ಪಟ್ಟಿ ಪೂರ್ತಿ ಸುತ್ತಿ ಅಳೆಯುತ್ತಿರುವಾಗ ನಿಮ್ಮ ಚಾನೆಲ್‌ನಲ್ಲಿ ಬೀಕನ್ (ನೆಟ್‌ವರ್ಕ್ ತನ್ನ ಹೆಸರು ಸಾರುವ ಸಂಕೇತ) ಕಳಿಸೋಕಾಗಲ್ಲ, ಸಾಧನಗಳು ಕಳಚಿಕೊಳ್ಳುತ್ತವೆ. ಅಳೆಯೋಕೇ ಪ್ರತ್ಯೇಕ ರೇಡಿಯೊ ಇರುವ ಮಾದರಿಗಳಲ್ಲಿ ಮಾತ್ರ ಈ ರಗಳೆ ಇಲ್ಲ. ಆ ಪುಟವನ್ನು ಲ್ಯಾನ್ ಕೇಬಲ್ ಹಾಕಿದ ಕಂಪ್ಯೂಟರ್‌ನಲ್ಲಿ ತೆರೆಯಿರಿ, ವೈಫೈ ಮೇಲೆ ತೆರೆದರೆ ಗ್ರಾಫ್ ಅರ್ಧಕ್ಕೇ ನಿಲ್ಲುತ್ತೆ.

ಇನ್ನು ಆ್ಯಪ್ ಮತ್ತು ಗ್ರಾಫ್. ಎರಡೂ ಸರಿಯಾಗೇ ಹೇಳುತ್ತಿವೆ, ಅಳೆಯುವ ವಸ್ತು ಬೇರೆ. ಆ್ಯಪ್ ವೈಫೈ ಬೀಕನ್‌ಗಳನ್ನು ಓದಿ ಹೆಸರು ತೋರಿಸುತ್ತೆ, ಅಷ್ಟೆ. ಬೀಕನ್ ಕಳಿಸದ ಯಾವುದೂ ಅದರ ಕಣ್ಣಿಗೆ ಬೀಳಲ್ಲ. ಸ್ಪೆಕ್ಟ್ರಮ್ ಗ್ರಾಫ್‌ಗೆ ಹೆಸರು ಗೊತ್ತಿಲ್ಲ, ಯಾವ ಫ್ರೀಕ್ವೆನ್ಸಿಯಲ್ಲಿ ಎಷ್ಟು ಶಕ್ತಿ ಇದೆ ಅನ್ನೋದು ಗೊತ್ತು. ನಿಮ್ಮ ಆಟೋ ಚಾನೆಲ್ ಕೂಡ ಬಹುಶಃ ಆ್ಯಪ್ ಥರಾನೇ ನೆಟ್‌ವರ್ಕ್ ಎಣಿಸಿ 11 ಹಿಡಿದಿದೆ.

ಯಾವುದರ ಶಕ್ತಿ ಅಂತ ಆಕಾರ ನೋಡಿ ಗುರುತಿಸಬೇಕು. ವೈಫೈ ಆದರೆ 20 ಮೆಗಾಹರ್ಟ್ಸ್ ಅಗಲ, ತಲೆ ಚಪ್ಪಟೆ, ಎರಡೂ ಬದಿ ಕಡಿದಾದ ಇಳಿತ, ನಡುಬಿಂದು 2412, 2437 ಅಥವಾ 2462 (ಕ್ರಮವಾಗಿ ಚಾನೆಲ್ 1, 6, 11). ಬ್ಲೂಟೂತ್ ಆದರೆ ಪಟ್ಟಿ ತುಂಬ ಅಲ್ಲಲ್ಲಿ ಮಿಂಚಿ ಮಾಯವಾಗುವ ಸಣ್ಣ ಮುಳ್ಳುಗಳು. ಜಿಗ್‌ಬೀ (ಸ್ಮಾರ್ಟ್ ಬಲ್ಬ್‌ನಂಥವು ಬಳಸುವ ರೇಡಿಯೊ) 2 ಮೆಗಾಹರ್ಟ್ಸ್ ಅಗಲದ ಕಿರಿದಾದ ಗೂಟ, ಒಂದೇ ಕಡೆ. ನಿಮ್ಮ ಗುಡ್ಡ 35 ಮೆಗಾಹರ್ಟ್ಸ್ ಅಗಲ, ನಡುವೆ ಸುಮಾರು 2457 (ಅಂದರೆ ಚಾನೆಲ್ 11ರ ಮೇಲೇ), ಮೇಲಾಗಿ ಮ್ಯಾಕ್ಸ್ ಹೋಲ್ಡ್‌ನಲ್ಲಿ ಮಾತ್ರ ಕಾಣ್ತಿದೆ. ಹಾಗಾಗಿ ನನ್ನ ಅನುಮಾನ ಮೈಕ್ರೋವೇವ್ ಓವನ್ ಮೇಲೆ. ಅದು 2450ರ ಸುತ್ತಮುತ್ತ ಅತ್ತಿತ್ತ ಅಲೆಯುತ್ತೆ.

ಮ್ಯಾಕ್ಸ್ ಹೋಲ್ಡ್ ಬಗ್ಗೆ ಒಂದು ಎಚ್ಚರಿಕೆ: ಅದು ಒಂದೇ ಒಂದು ಸಲ ಬಂದುಹೋದ ಶಕ್ತಿಯನ್ನೂ ಅಳಿಸುವ ತನಕ ಹಿಡಿದಿಟ್ಟುಕೊಳ್ಳುತ್ತೆ. ಅದನ್ನು ನೋಡಿ ಚಾನೆಲ್ ಆರಿಸಬೇಡಿ. ಅಳಿಸಿ, ಓವನ್ ಆಫ್ ಇರುವಾಗ ಎರಡು ನಿಮಿಷ ಅಳೆಯಿರಿ. ಮತ್ತೆ ಅಳಿಸಿ, ಒಂದು ಲೋಟ ನೀರಿಟ್ಟು ಓವನ್ ಆನ್ ಮಾಡಿ ಒಂದು ನಿಮಿಷ ಅಳೆಯಿರಿ. ಖಾಲಿ ಓವನ್ ಓಡಿಸಬೇಡಿ. ವಾಟರ್‌ಫಾಲ್ (ಹೊತ್ತು ಕಳೆದಂತೆ ಶಕ್ತಿ ಹೇಗೆ ಬದಲಾಯ್ತು ಅಂತ ತೋರಿಸುವ) ನೋಟ ಇದ್ದರೆ ಅದನ್ನೂ ತೆರೆದಿಡಿ, ಯಾವಾಗ ಶುರುವಾಗಿ ಯಾವಾಗ ನಿಂತಿತು ಅನ್ನೋದು ಅಲ್ಲೇ ತಿಳಿಯುತ್ತೆ.

ತಂತಿಬೇಲಿ:

3, 4 ಖಂಡಿತ ಬೇಡ. ವೈಫೈ ಕಳಿಸುವ ಮುಂಚೆ ಗಾಳಿ ಖಾಲಿ ಇದೆಯಾ ಅಂತ ಕಿವಿಗೊಡುತ್ತೆ. ಬೇರೆ ವೈಫೈನ ಪ್ರಿಯಾಂಬಲ್ (ಪ್ರತಿ ಕಳಿಸುವಿಕೆಯ ಶುರುವಿನ ಗುರುತು) ಅರ್ಥವಾದರೆ −82 ಡಿಬಿಎಂನಷ್ಟು ಕ್ಷೀಣ ಇದ್ದರೂ ಕಾಯುತ್ತೆ. ಅರ್ಥವಾಗದ ಶಕ್ತಿಯಾದರೆ −62 ಮುಟ್ಟುವ ತನಕ ಲೆಕ್ಕಕ್ಕೇ ತಗೊಳ್ಳಲ್ಲ, ಅದರ ಮೇಲೇ ಕಳಿಸಿಬಿಡುತ್ತೆ. ಚಾನೆಲ್ 3ರಲ್ಲಿ ಕೂತರೆ 1ರವರೂ 6ರವರೂ ನಿಮಗೆ ಅರ್ಥವಾಗದ ಗದ್ದಲ, ನೀವೂ ಅವರಿಗೆ ಅದೇ. ಅದೇ ಚಾನೆಲ್ 1ರಲ್ಲಿ ಕೂತರೆ ಐದು ಜನರ ಜೊತೆ ಸರದಿ ಸಿಗುತ್ತೆ. ಸರದಿಯಿಂದ ವೇಗ ತಗ್ಗಬಹುದು, ಪ್ಯಾಕೆಟ್ ಹಾಳಾಗೋದು ಕಡಿಮೆ.

ಓವನ್ ಅಂತ ಖಾತ್ರಿಯಾದರೆ ಇನ್ನೊಂದು ಕೆಲಸ ಮಾಡಿ. ಸಾಮಾನ್ಯ ಟ್ರಾನ್ಸ್‌ಫಾರ್ಮರ್ ಓವನ್ 50 ಹರ್ಟ್ಸ್ ಕರೆಂಟ್‌ನಲ್ಲಿ ಪ್ರತಿ 20 ಮಿಲಿಸೆಕೆಂಡಿಗೆ ಸುಮಾರು ಅರ್ಧ ಹೊತ್ತು ಉರಿಯುತ್ತೆ, ಅರ್ಧ ಹೊತ್ತು ಸುಮ್ಮನಿರುತ್ತೆ. ಅಂದರೆ 10 ಮಿಲಿಸೆಕೆಂಡಿನ ಬಿಡುವು. (ಇನ್ವರ್ಟರ್ ಓವನ್‌ನ ಲಯ ಬೇರೆ.) 1500 ಬೈಟ್‌ನ ಫ್ರೇಮ್ (ಒಂದು ಸಲಕ್ಕೆ ಕಳಿಸುವ ಡೇಟಾ ಕಂತು) 1 ಎಂಬಿಪಿಎಸ್‌ನಲ್ಲಿ ಹೋದರೆ ಬರೀ ಡೇಟಾಗೇ 12 ಮಿಲಿಸೆಕೆಂಡ್ ಬೇಕು, ಆ ಬಿಡುವಿನಲ್ಲಿ ಹಿಡಿಸಲ್ಲ. 54ರಲ್ಲಿ ಕಾಲು ಮಿಲಿಸೆಕೆಂಡೂ ಬೇಡ. ಫ್ರೇಮ್ ಹಾಳಾಯ್ತು ಅಂತ ರೂಟರ್ ವೇಗ ಇಳಿಸುತ್ತಾ ಹೋದಷ್ಟೂ ಫ್ರೇಮ್ ಉದ್ದವಾಗುತ್ತೆ, ಇನ್ನಷ್ಟು ಹಾಳಾಗುತ್ತೆ. ನಿಮ್ಮ ಕಾಲ್ ಪೂರ್ತಿ ನಿಲ್ಲೋದಕ್ಕೆ ಇದೇ ಕಾರಣ ಇರಬಹುದು. 802.11ಬಿ ಕಾಲದ 1, 2, 5.5, 11 ರೇಟ್‌ಗಳನ್ನು ಆಫ್ ಮಾಡಿ. ತೀರಾ ಹಳೇ ಪ್ರಿಂಟರ್ ಇದ್ದರೆ ಸೇರದೇ ಹೋಗಬಹುದು, ನೋಡಿಕೊಳ್ಳಿ.

ನಸುಗೆಂಪು:

ಓವನ್ ಆಫ್: ಗುಡ್ಡ ಮಾಯ. ಆನ್: ಹತ್ತೇ ಸೆಕೆಂಡಿನಲ್ಲಿ ವಾಪಸ್. ಆದರೆ ತಳದ ಗೆರೆ ಎರಡೂ ಸಲ −84ರಲ್ಲೇ ಇದೆ. ಇದು ಸಹಜವಾ?

ಅಲೆಮಾಪಕ:

ಅಲ್ಲ, ಜಾಸ್ತಿ. 20 ಮೆಗಾಹರ್ಟ್ಸ್ ಅಗಲಕ್ಕೆ ಉಷ್ಣದ ಗದ್ದಲವೇ ಸುಮಾರು −101 ಡಿಬಿಎಂ. ರಿಸೀವರ್‌ನ ಸ್ವಂತ ಗದ್ದಲ ಸೇರಿ −95 ಹತ್ತಿರ ಬರಬೇಕು. ಗ್ರಾಫ್‌ನ ಪ್ರತಿ ಬಿಂದು ಇನ್ನೂ ಕಿರಿದಾದ ಪಟ್ಟಿಯನ್ನು ಅಳೆಯುವುದಾದರೆ ಇನ್ನೂ ಕೆಳಗೇ ಇರಬೇಕು. ಹಾಗಂತ ಈ ರೂಟರ್‌ಗಳ ಡಿಬಿಎಂ ಲ್ಯಾಬ್ ಉಪಕರಣದಷ್ಟು ಕರಾರುವಾಕ್ಕಲ್ಲ, ಎರಡು ಮೂರು ಡಿಬಿ ಆಚೀಚೆ ಆದರೆ ಬಿಟ್ಟುಬಿಡಬಹುದು. ಹನ್ನೊಂದು ಡಿಬಿ ಬಿಡೋ ಹಾಗಿಲ್ಲ.

ಇಡೀ ಪಟ್ಟಿ ಒಂದೇ ಸಮ ಎದ್ದಿದ್ದರೆ ಕಾರಣ ರೂಟರ್‌ನ ಮಗ್ಗುಲಲ್ಲೇ ಇರುತ್ತೆ. ಯುಎಸ್‌ಬಿ 3.0 ಡಿಸ್ಕ್ ಚುಚ್ಚಿದ್ದೀರಾ? ಅದರ 5 ಜಿಬಿಪಿಎಸ್ ಸಿಗ್ನಲ್‌ನ ಗದ್ದಲ ನೇರ 2.4ರ ಮೇಲೇ ಬೀಳುತ್ತೆ. ಇಂಟೆಲ್ 2012ರಲ್ಲೇ ಈ ಬಗ್ಗೆ ವೈಟ್‌ಪೇಪರ್ ಹೊರತಂದಿತ್ತು. ಡಿಸ್ಕ್ ಕಿತ್ತು ಮತ್ತೆ ಅಳೆಯಿರಿ.

ನಸುಗೆಂಪು:

ಇತ್ತು. ಕಿತ್ತ ಮೇಲೆ −94.

ಅಲೆಮಾಪಕ:

ಹಾಗಾದರೆ ಆ ಪೋರ್ಟನ್ನು ಯುಎಸ್‌ಬಿ 2.0 ಮೋಡ್‌ಗೆ ಇಳಿಸಿ, ಕೆಲವು ರೂಟರ್‌ಗಳಲ್ಲಿ ಸೆಟ್ಟಿಂಗ್ ಇರುತ್ತೆ. ಇಲ್ಲದಿದ್ದರೆ ಒಳ್ಳೇ ಶೀಲ್ಡ್ ಇರುವ ಕೇಬಲ್ ಹಾಕಿ ಡಿಸ್ಕನ್ನು ಆ್ಯಂಟೆನಾದಿಂದ ದೂರ ಇಡಿ. 2.4ಕ್ಕೆ ಚಾನೆಲ್ 1, ಅಗಲ 20. ಚಾನೆಲ್ 6ರ ಬಲತುದಿ 2447, ಓವನ್ ಗುಡ್ಡದ ಎಡ ಅಂಚು ಅದಕ್ಕೆ ತಗಲುತ್ತೆ.

ಮೂಲೆಮನೆ:

1ನ್ನು ಅಷ್ಟು ಬೇಗ ಗಟ್ಟಿ ಮಾಡಬೇಡಿ. ಐದು ನೆಟ್‌ವರ್ಕ್ ಇರೋದು ಮುಖ್ಯ ಅಲ್ಲ, ಅವು ಎಷ್ಟು ಹೊತ್ತು ಮಾತಾಡ್ತವೆ ಅನ್ನೋದು ಮುಖ್ಯ. ಡ್ಯೂಟಿ ಸೈಕಲ್ ಅಥವಾ ಚಾನೆಲ್ ಬಳಕೆ ಶೇಕಡಾ ತೋರಿಸುವ ನೋಟ ಇದ್ದರೆ ಸಂಜೆ, ಎಲ್ಲರೂ ಬಳಸುವ ಹೊತ್ತಿನಲ್ಲಿ 1 ಮತ್ತು 6 ಎರಡನ್ನೂ ಹೋಲಿಸಿ. ಓವನ್ ದಿನಕ್ಕೆ ಹತ್ತು ನಿಮಿಷ ಓಡಿದರೆ ಹೆಚ್ಚು, ಪಕ್ಕದವರ ವಿಡಿಯೊ ಗಂಟೆಗಟ್ಟಲೆ. 1ರಲ್ಲಿ ಬಳಕೆ ತೀರಾ ಜಾಸ್ತಿ ಇದ್ದರೆ ನಾನಂತೂ 6ನ್ನೇ ಆರಿಸ್ತೀನಿ. ವಿಡಿಯೊ ಕಾಲ್ ಮಾಡುವ ಸಾಧನವನ್ನು ಹೇಗೂ 5 ಗಿಗಾಹರ್ಟ್ಸ್‌ಗೆ ಹಾಕಿ, ಓವನ್ನಿನ ಮಾತೇ ಬರಲ್ಲ.

ಓಪನ್‌ಡಬ್ಲ್ಯೂಆರ್‌ಟಿ (ರೂಟರ್‌ಗೆ ಹಾಕಿಕೊಳ್ಳಬಹುದಾದ ಮುಕ್ತ ಸಾಫ್ಟ್‌ವೇರ್) ಬಳಸುವವರಿಗೆ: ಅದರ ಚಾನೆಲ್ ಅನಾಲಿಸಿಸ್ ಪುಟ ಸ್ಪೆಕ್ಟ್ರಮ್ ಅಲ್ಲ, ಅಲ್ಲಿರುವ ಗುಡ್ಡಗಳು ಬೀಕನ್ ಪಟ್ಟಿಯಿಂದ ಬಿಡಿಸಿದ ಚಿತ್ರ. ಓವನ್ ಅಲ್ಲಿ ಕಾಣಲ್ಲ. ಅಲ್ಲಿ ಸರ್ವೇ ಡಂಪ್ ಕಮಾಂಡ್ ಕೊಡಿ, ಚಾನೆಲ್ ಎಷ್ಟು ಹೊತ್ತು ಬ್ಯುಸಿ ಇತ್ತು ಅನ್ನೋ ಲೆಕ್ಕ ಸಿಗುತ್ತೆ. ಬ್ಯುಸಿ ಟೈಮ್‌ನಿಂದ ರಿಸೀವ್ ಮತ್ತು ಟ್ರಾನ್ಸ್‌ಮಿಟ್ ಟೈಮ್ ಕಳೆದರೆ ಉಳಿಯುವುದು ಹೆಚ್ಚುಕಡಿಮೆ ವೈಫೈ ಅಲ್ಲದ ಗದ್ದಲ. ಅಂಕಿಗಳು ಒಟ್ಟು ಲೆಕ್ಕ, ಹಾಗಾಗಿ ಒಂದು ನಿಮಿಷ ಬಿಟ್ಟು ಎರಡು ಸಲ ತೆಗೆದು ವ್ಯತ್ಯಾಸ ನೋಡಬೇಕು. ಇದು ರೂಟರ್ ಇರುವ ಜಾಗದ ಲೆಕ್ಕ ಮಾತ್ರ. ಓವನ್ ಪಕ್ಕ ಕೂತ ಲ್ಯಾಪ್‌ಟಾಪ್‌ಗೆ ಕೇಳಿಸುವ ಗದ್ದಲ ಇಲ್ಲಿ ಬರಲ್ಲ, ಅದಕ್ಕೆ ಲ್ಯಾಪ್‌ಟಾಪ್‌ನಲ್ಲೇ ಅಳೆಯಬೇಕು.